ಸಾನಪಾಡಾದ ದಿನಚರಿಗೆ ಬುದ್ಧನ ಎಚ್ಚರ

‘ಧ್ಯಾನಕ್ಕೆ ಕೂರಲು ನಮ್ಮಲ್ಲಿ ಜಾಗ ಎಲ್ಲುಂಟು ಮಾರಾಯ್ರೇ?’ ನವಿಮುಂಬಯಿಯ ಸಾನಪಾಡಾ, ಜುಯಿನಗರ, ನೆರೂಲ್ ಕಡೆಯ ಕನ್ನಡಿಗರ ಮನೆಗಳಲ್ಲಿ ಈ ವಿಷಯ ತೆಗೆದರೆ ಮೊದಲು ಬರುವ ಮಾತು ಇದೇ. ಮಾತಿನಲ್ಲಿ ಹುರುಳಿದೆ. ಒನ್ ಬಿಎಚ್‌ಕೆ ಫ್ಲ್ಯಾಟು. ಹಾಲ್‌ನಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಮಲಗಿದ ಮಗ, ಒಳಕೋಣೆಯಲ್ಲಿ ವಯಸ್ಸಾದ ಅತ್ತೆ. ಬೆಳಗಿನ ಜಾವ ಹಾಲಿನ ಪ್ಯಾಕೆಟ್ಟಿನವನ ಬೆಲ್ಲು, ಅದರ ಹಿಂದೆಯೇ ಕುಕ್ಕರಿನ ಕೂಗು, ಡಬ್ಬಿ ಕಟ್ಟಿಕೊಂಡು ಲೋಕಲ್ ಹಿಡಿಯುವ ಧಾವಂತ. ಸಮಯ ಸಿಕ್ಕ ಭಾನುವಾರ ಮೇಲಿನ ಮನೆಯಲ್ಲಿ ಟೈಲ್ಸ್ ಒಡೆಯುವ ಸದ್ದು.

ಈ ತಕರಾರಿಗೆ ಬೌದ್ಧ ಧ್ಯಾನದ ಮೂಲ ಪಠ್ಯದಲ್ಲೇ ಉತ್ತರವಿದೆ. ಪಾಳಿ ತಿಪಿಟಕದ ಮಜ್ಝಿಮ ನಿಕಾಯದ ಹತ್ತನೆಯ ಸುತ್ತ (ಸೂತ್ರ), ಸತಿಪಟ್ಠಾನ ಸುತ್ತ. ಕುರು ದೇಶದ ಕಮ್ಮಾಸಧಮ್ಮ ಎಂಬ ಪಟ್ಟಣದಲ್ಲಿ ಬುದ್ಧ ಇದನ್ನು ಉಪದೇಶಿಸಿದ ಎನ್ನುತ್ತದೆ ಪಠ್ಯ. ಆರಂಭದಲ್ಲಿ ಕಾಡು, ಮರದ ಬುಡ, ಪದ್ಮಾಸನ ಎಲ್ಲ ಬರುತ್ತವೆ. ಅಷ್ಟು ಕೇಳಿದವರು ‘ಇದು ಸನ್ಯಾಸಿಗಳ ಬಾಬತ್ತು’ ಎಂದು ಎದ್ದುಬಿಡುತ್ತಾರೆ. ಆದರೆ ಕೆಲವೇ ಸಾಲುಗಳ ನಂತರ ಅದೇ ಸುತ್ತ ನಡಿಗೆಗೆ ಇಳಿಯುತ್ತದೆ. ಹೋಗುವಾಗ ಬರುವಾಗ, ಕೈಕಾಲು ಮಡಚುವಾಗ, ಬಟ್ಟೆ ತೊಡುವಾಗ, ಉಣ್ಣುವಾಗ, ಕೊನೆಗೆ ಪಾಯಖಾನೆಗೆ ಹೋದಾಗಲೂ ಏನು ಮಾಡುತ್ತಿದ್ದೇನೆ ಎಂಬ ಅರಿವು ಇರಬೇಕು ಎನ್ನುತ್ತದೆ. ಮಾತನಾಡುವುದೂ ಸುಮ್ಮನಿರುವುದೂ ಆ ಪಟ್ಟಿಯಲ್ಲಿವೆ. ಅಂದರೆ ಅಭ್ಯಾಸಕ್ಕೆ ಬೇಕಾದ ಸಾಮಗ್ರಿಯೆಲ್ಲ ಸಾನಪಾಡಾದ ಆ ಒನ್ ಬಿಎಚ್‌ಕೆಯಲ್ಲೇ ಇದೆ.

ಆದ್ದರಿಂದ ಈ ಲೇಖನದ ಸಲಹೆ ಒಂದೇ. ಬೆಳಗಿನ ಹತ್ತು ನಿಮಿಷ ಬಿಟ್ಟರೆ ದಿನಚರಿಗೆ ಹೊಸದೇನನ್ನೂ ತುರುಕಬೇಡಿ. ಈಗಾಗಲೇ ದಿನವೂ ಮಾಡುವ ಒಂದು ಕೆಲಸವನ್ನು ಆರಿಸಿಕೊಂಡು, ಒಂದು ತಿಂಗಳು ಅದನ್ನಷ್ಟೇ ಪೂರ್ತಿ ಗಮನ ಕೊಟ್ಟು ಮಾಡಿ. ಉಳಿದದ್ದೆಲ್ಲ ಇದರ ವಿವರಣೆ.

ಕಚೇರಿಗೆ ಹೋಗುತ್ತಿದ್ದ ಗುರು

ಇಂದು ಮುಂಬಯಿ ಸುತ್ತಮುತ್ತ ವಿಪಸ್ಸನಾ ಧ್ಯಾನ ಎಂದರೆ ನೆನಪಾಗುವ ಹೆಸರು ಸತ್ಯನಾರಾಯಣ ಗೋಯೆಂಕಾ (1924–2013) ಅವರದು. ಅವರ ಗುರು ಸಯಾಜಿ ಊ ಬಾ ಖಿನ್ (1899–1971) ಕಾವಿ ಉಟ್ಟವರಲ್ಲ. ರಂಗೂನಿನ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಅದೇ ಕಚೇರಿಯ ಮುಖ್ಯಸ್ಥರಾದವರು. ಸಂಸಾರಿ. 1937ರಲ್ಲಿ ಧ್ಯಾನ ಕಲಿತರು; ಅಧಿಕಾರಿಯಾದ ಮೇಲೆ ತಮ್ಮ ಕಚೇರಿಯ ಒಂದು ಕೋಣೆಯಲ್ಲೇ ನೌಕರರಿಗೆ ಕಲಿಸಿದರು. ಲೆಕ್ಕಪತ್ರದ ಫೈಲುಗಳ ನಡುವೆ! ಬೇಲಾಪುರದ ಸರ್ಕಾರಿ ಕಚೇರಿಗೋ ವಾಶಿಯ ಬ್ಯಾಂಕಿಗೋ ಹೋಗಿಬರುವ ನಮ್ಮವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಊ ಬಾ ಖಿನ್ ಅವರಿಗೆ ಕಲಿಸಿದ ಸಯಾ ಥೆಟ್‌ಜಿ ಕೂಡ ಹೊಲ ಉಳುತ್ತಿದ್ದ ಗೃಹಸ್ಥರೇ.

ಗೋಯೆಂಕಾ ಮಂಡಲೆಯಲ್ಲಿ ಹುಟ್ಟಿದ ಮಾರ್ವಾಡಿ ವ್ಯಾಪಾರಿ. ಮಾರ್ಫಿನ್ ಚುಚ್ಚುಮದ್ದು ತೆಗೆದುಕೊಳ್ಳಬೇಕಾದಷ್ಟು ಮೈಗ್ರೇನ್ ಅವರನ್ನು ಕಾಡುತ್ತಿತ್ತು. ತಲೆನೋವಿನ ಮದ್ದಿಗೆಂದು ಬರುವುದಾದರೆ ಬರಬೇಡಿ ಎಂದು ಊ ಬಾ ಖಿನ್ ಮೊದಲು ಅವರನ್ನು ಒಪ್ಪಿಕೊಳ್ಳಲೇ ಇಲ್ಲ. 1955ರಲ್ಲಿ ಶಿಬಿರಕ್ಕೆ ಕೂತ ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು, ತಂದೆತಾಯಿಯೂ ಸೇರಿದ್ದ ಒಂದು ಸಣ್ಣ ಗುಂಪಿಗೆ ಮೊದಲ ಶಿಬಿರ ನಡೆಸಿದ್ದು ಮುಂಬಯಿಯಲ್ಲಿಯೇ. ಇಗತ್‌ಪುರಿಯ ಧಮ್ಮಗಿರಿ ಕೇಂದ್ರ 1976ರಲ್ಲಿ ಆರಂಭವಾಯಿತು. ಕಂಬಗಳಿಲ್ಲದ ಗುಮ್ಮಟದಡಿ ಸುಮಾರು 8,000 ಜನ ಕೂರಬಹುದಾದ ಗೋರಾಯಿಯ ಪಗೋಡ 2009ರಲ್ಲಿ ಉದ್ಘಾಟನೆಯಾಯಿತು.

ಈ ನೆಲಕ್ಕೆ ಧ್ಯಾನ ಹೊಸದೂ ಅಲ್ಲ. ಬೋರಿವಲಿಯ ಕಾಡಿನ ಕಾನ್ಹೇರಿ ಗುಹೆಗಳಿಗೆ ದಾನ ಕೊಟ್ಟವರ ಶಾಸನಗಳಲ್ಲಿ ಕಲ್ಯಾಣ, ಸೋಪಾರಾ ಊರುಗಳ ವರ್ತಕರ ಹೆಸರುಗಳು ಸಿಗುತ್ತವೆ. ಭಿಕ್ಷುಗಳು ಗುಹೆಯಲ್ಲಿ ಕೂತಿದ್ದರೆ ಅವರ ಅನ್ನ ಬಟ್ಟೆ ಬಂದದ್ದು ಬಂದರಿನ ಅಂಗಡಿಗಳಿಂದ. ಕನ್ನಡಿಗರಿಗೆ ಅಲ್ಲಿ ಇನ್ನೊಂದು ನಂಟಿದೆ. 9ನೆಯ ಶತಮಾನದಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟ ಅಮೋಘವರ್ಷನ ಸಾಮಂತರು. ಆ ಕಾಲದ ದತ್ತಿ ಶಾಸನಗಳು ಕಾನ್ಹೇರಿಯಲ್ಲಿವೆ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ದೊರೆಯೇ ಈ ಅಮೋಘವರ್ಷ. ಮುಂದಿನ ಸಲ ಮಕ್ಕಳನ್ನು ಕಾನ್ಹೇರಿಗೆ ಕರೆದೊಯ್ದಾಗ ಹೇಳಿ.

ಮೊದಲ ಹತ್ತು ನಿಮಿಷ

ಕೆಲಸದ ನಡುವೆ ಗಮನ ನಿಲ್ಲಬೇಕಾದರೆ ಅದಕ್ಕೊಂದು ತಳಪಾಯ ಬೇಕು. ಅದು ಆನಾಪಾನ, ಉಸಿರನ್ನು ಗಮನಿಸುವುದು. ಹತ್ತು ನಿಮಿಷ ಸಾಕು. ಚಾಪೆಯೇ ಆಗಬೇಕೆಂದಿಲ್ಲ; ಮಂಡಿನೋವಿನವರು ಊಟದ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಬೆನ್ನು ನೆಟ್ಟಗಿಟ್ಟು ಕೂರಲಿ. ಕಣ್ಣು ಮುಚ್ಚಿ. ಮೂಗಿನ ಹೊಳ್ಳೆಗಳ ಬಳಿ, ಮೇಲ್ದುಟಿಯ ಮೇಲೆ ಉಸಿರು ತಾಗುವ ಜಾಗದಲ್ಲಿ ಗಮನವಿಡಿ. ಉಸಿರನ್ನು ಎಳೆಯಬೇಡಿ, ಹಿಡಿಯಬೇಡಿ. ಇದು ಪ್ರಾಣಾಯಾಮವಲ್ಲ. ದೀರ್ಘವಾಗಿದ್ದರೆ ದೀರ್ಘ, ಗಿಡ್ಡವಾಗಿದ್ದರೆ ಗಿಡ್ಡ. ಎಡ ಹೊಳ್ಳೆಯಲ್ಲಿ ಬಂದರೆ ಎಡ. ಮೂಗಿನ ಹತ್ತಿರ ಏನೂ ತಿಳಿಯುತ್ತಿಲ್ಲ ಎನ್ನುವವರು ಬರ್ಮಾದ ಇನ್ನೊಬ್ಬ ಗುರು ಮಹಾಸಿ ಸಯಾಡೊ (1904–1982) ಹೇಳಿಕೊಟ್ಟಂತೆ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ಗಮನಿಸಬಹುದು. ಎರಡರಲ್ಲಿ ಒಂದನ್ನು ಹಿಡಿದುಕೊಳ್ಳಿ, ದಿನಕ್ಕೊಂದು ಬದಲಿಸಬೇಡಿ.

ಅರ್ಧ ನಿಮಿಷದಲ್ಲಿ ಮನಸ್ಸು ಊರಿನ ತೋಟಕ್ಕೋ ಮಗಳ ಫೀಸಿಗೋ ಹೋಗಿರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿ: ‘ನನಗೆ ಏಕಾಗ್ರತೆಯೇ ಇಲ್ಲ, ಇದು ನನಗೆ ಆಗುವಂಥದ್ದಲ್ಲ’. ಮನಸ್ಸು ಹೋಯಿತು ಎಂದು ತಿಳಿಯಿತಲ್ಲ, ಆ ತಿಳಿದ ಕ್ಷಣವೇ ಅಭ್ಯಾಸ. ಬೈದುಕೊಳ್ಳದೆ ಉಸಿರಿಗೆ ಮರಳಿ. ಹತ್ತು ನಿಮಿಷದಲ್ಲಿ ಐವತ್ತು ಸಲ ಹೋಗಿ ಐವತ್ತು ಸಲ ಮರಳಿದರೆ ಐವತ್ತು ಸಲ ಅಭ್ಯಾಸವಾಯಿತು. ಡ್ರಿಲ್ಲಿಂಗ್ ಸದ್ದು ಬಂದರೆ ‘ಸದ್ದು’ ಎಂದು ಗುರುತಿಸಿ ಬಿಡಿ. ಯಾರ ಮನೆ, ಎಷ್ಟು ದಿನ, ಸೆಕ್ರೆಟರಿಗೆ ಹೇಳಬೇಕೇ ಎಂಬ ವಿಚಾರಣೆ ಆಮೇಲೆ ಇರಲಿ.

ಹೊತ್ತು ಯಾವುದು? ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ, ಫೋನ್ ಮುಟ್ಟುವ ಮೊದಲು. ಫೋನ್ ಮುಟ್ಟಿದ ಮೇಲೆ ಆ ಹತ್ತು ನಿಮಿಷ ನಿಮ್ಮದಲ್ಲ.

ವಾಶಿ ದಾಟಿದ ಮೇಲಿನ ಖಾಡಿ

ಸಾನಪಾಡಾದವರಿಗೆ ಎರಡು ಲೈನುಗಳ ಅನುಕೂಲ. ಹಾರ್ಬರ್ ಲೈನಿನಲ್ಲಿ ಕುರ್ಲಾ, ಸಿಎಸ್‌ಎಂಟಿ ಕಡೆಗೆ. ಟ್ರಾನ್ಸ್‌ಹಾರ್ಬರ್‌ನಲ್ಲಿ ತುರ್ಭೆ, ಐರೋಲಿ ಹಾದು ಠಾಣೆಗೆ, ಅಲ್ಲಿಂದ ಬದಲಿಸಿ ಡೊಂಬಿವಲಿ, ಕಲ್ಯಾಣ. ದಿನಕ್ಕೆ ಒಂದೆರಡು ಗಂಟೆ ಗಾಡಿಯಲ್ಲೇ ಕಳೆಯುವವರು ನಾವು. ಆ ಹೊತ್ತು ಹೇಗೂ ಹೋಗುತ್ತದೆ.

ನಿಂತಿದ್ದರೆ ಅಂಗಾಲಿನಿಂದ ಶುರುಮಾಡಿ. ಗಾಡಿ ಹೊರಡುವಾಗ ಭಾರ ಹಿಮ್ಮಡಿಗೆ ಸರಿಯುತ್ತದೆ, ಬ್ರೇಕ್ ಹಾಕಿದಾಗ ಬೆರಳಿನ ಬುಡಕ್ಕೆ. ಮೇಲಿನ ಹಿಡಿಕೆ ಹಿಡಿದ ಕೈಯಲ್ಲಿ ಎಳೆತ, ಹೆಗಲಿನಲ್ಲಿ ಬಿಗಿ. ಇವನ್ನೆಲ್ಲ ಹೆಸರಿಟ್ಟು ಕರೆಯಬೇಕಿಲ್ಲ, ತಿಳಿದರೆ ಸಾಕು. ಕಣ್ಣು ತೆರೆದೇ ಇರಲಿ. ಬಾಗಿಲ ಬಳಿ ನಿಂತು ಧ್ಯಾನ ಬೇಡವೇ ಬೇಡ. ಬ್ಯಾಗು ಎದೆಯ ಮುಂದಿರಲಿ. ಜೇಬುಗಳ್ಳನ ಏಕಾಗ್ರತೆ ನಿಮ್ಮದಕ್ಕಿಂತ ಹರಿತವಾಗಿರುತ್ತದೆ.

ಮುಂದಿನ ಸ್ಟೇಷನ್ ಯಾವುದೆಂದು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬರುವ ಧ್ವನಿ ನಮಗೆ ಕೇಳಿ ಕೇಳಿ ಕೇಳಿಸದಂತಾಗಿದೆ. ಅದನ್ನು ಗಂಟೆಯಂತೆ ಬಳಸಿಕೊಳ್ಳಿ. ವಿಯೆಟ್ನಾಮಿನ ಭಿಕ್ಷು ಥಿಚ್ ನ್ಯಾಟ್ ಹಾನ್ (1926–2022) ಫ್ರಾನ್ಸಿನ ತಮ್ಮ ಪ್ಲಮ್ ವಿಲೇಜ್ ಆಶ್ರಮದಲ್ಲಿ ಗಂಟೆ ಬಾರಿಸಿದೊಡನೆ ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಮೂರು ಉಸಿರು ಗಮನಿಸುವ ರೂಢಿ ಮಾಡಿದ್ದರು. ನಮಗೆ ಆ ಗಂಟೆಯನ್ನು ರೈಲ್ವೆಯವರು ಟಿಕೆಟಿನ ದುಡ್ಡಿನಲ್ಲೇ ಸೇರಿಸಿ ಕೊಟ್ಟಿದ್ದಾರೆ. ಪ್ರತಿ ಘೋಷಣೆಗೆ ಮೂರು ಉಸಿರು. ಸಾನಪಾಡಾದಿಂದ ಕುರ್ಲಾಕ್ಕೆ ಹೋಗುವಷ್ಟರಲ್ಲಿ ಸಾಕಷ್ಟಾಗುತ್ತದೆ.

ಇನ್ನು ವಾಶಿ ಬಿಟ್ಟ ಮೇಲೆ ಮಾನಖುರ್ದ್ ತನಕ ಖಾಡಿಯ ಸೇತುವೆ. ಈ ಲೈನಿನಲ್ಲಿ ಎರಡು ಸ್ಟೇಷನ್‌ಗಳ ನಡುವೆ ಇಷ್ಟು ದೊಡ್ಡ ಅಂತರ ಅಪರೂಪ. ಅಷ್ಟು ಹೊತ್ತು ಫೋನ್ ಕಿಸೆಯಲ್ಲಿರಲಿ. ಉಸಿರು, ಕಾಲು, ಗಾಡಿಯ ಸದ್ದು ಸೇತುವೆಯ ಮೇಲೆ ಬದಲಾಗುವುದು, ಇಷ್ಟೇ. ಚಳಿಗಾಲದಿಂದ ಬೇಸಿಗೆಯ ತನಕ ಠಾಣೆ ಖಾಡಿಗೆ ಫ್ಲೆಮಿಂಗೊಗಳು ಬರುತ್ತವೆ. ಕಂಡರೆ ನೋಡಿ, ಫೋಟೊ ಬೇಡ.

ಈ ಖಾಡಿಯ ಅಭ್ಯಾಸದಲ್ಲಿ ಒಂದು ಸಂಗತಿ ಬೇಗ ಗೊತ್ತಾಗುತ್ತದೆ. ಕೈ ತಾನೇ ಕಿಸೆಗೆ ಹೋಗುತ್ತದೆ. ಯಾರೂ ಕರೆದಿಲ್ಲ, ಮೆಸೇಜಿನ ಸದ್ದಿಲ್ಲ, ಆದರೂ ಕೈ ಹೋಗುತ್ತದೆ. ಸತಿಪಟ್ಠಾನ ಸುತ್ತ ಗಮನವಿಡಬೇಕಾದ ನಾಲ್ಕು ಕ್ಷೇತ್ರಗಳನ್ನು ಹೇಳುತ್ತದೆ: ಕಾಯ, ವೇದನೆ, ಚಿತ್ತ, ಧಮ್ಮ. ಎರಡನೆಯದಾದ ವೇದನೆ ಎಂದರೆ ಇಲ್ಲಿ ನೋವಷ್ಟೇ ಅಲ್ಲ. ಹಿತ, ಅಹಿತ, ಎರಡೂ ಅಲ್ಲದ ಸಪ್ಪೆ, ಹೀಗೆ ಮೂರು ಬಗೆ. ಗಾಡಿಯಲ್ಲಿ ನಿಂತವನ ಹೊತ್ತಿನ ಬಹುಪಾಲು ಆ ಸಪ್ಪೆಯೇ. ಸಪ್ಪೆಯನ್ನು ಒಂದು ನಿಮಿಷವೂ ತಾಳಲಾರದೆ ಕೈ ಫೋನಿಗೆ ಓಡುತ್ತದೆ. ಆ ಓಟವನ್ನು ಒಂದೇ ಒಂದು ಸಲ ಅರ್ಧದಲ್ಲಿ ಕಂಡುಕೊಂಡರೆ, ಯಾವ ಆ್ಯಪ್ ಡೌನ್‌ಲೋಡ್ ಮಾಡಿದರೂ ಸಿಗದ ಪಾಠ ಸಿಕ್ಕಿತು.

ಕಾವಲಿಯ ಮುಂದೆ, ಗಲ್ಲಾದ ಹಿಂದೆ

ಅಡುಗೆಮನೆ ಒಳ್ಳೆಯ ಜಾಗ, ಏಕೆಂದರೆ ಅಲ್ಲಿ ಗಮನ ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆ. ನೀರ್‌ದೋಸೆ ಹುಯ್ಯುವಾಗ ಕಾವಲಿ ಕಾದದ್ದನ್ನು ಕಿವಿಯಿಂದಲೇ ತಿಳಿಯಬಹುದು. ಹಿಟ್ಟು ಬಿದ್ದಾಗಿನ ಚುಂಯ್ ಸದ್ದು, ಏಳುವ ಹಬೆ, ಅಂಚು ಬಿಡುವ ಹೊತ್ತು. ಮೊದಲ ದೋಸೆಯಿಂದ ಕೊನೆಯದರ ತನಕ ಬೇಡ, ಮೊದಲ ಮೂರಕ್ಕೆ ಸಾಕು. ಪಾತ್ರೆ ತೊಳೆಯುವಾಗ ಪಾತ್ರೆ ತೊಳೆಯುವುದಕ್ಕಾಗಿಯೇ ತೊಳೆಯಬೇಕು ಎಂಬ ಥಿಚ್ ನ್ಯಾಟ್ ಹಾನ್ ಅವರ ಮಾತು ಜಗತ್ಪ್ರಸಿದ್ಧ.

ಇಲ್ಲಿ ಒಂದು ತಕರಾರು ನನ್ನದೂ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ನಾಲ್ವರಿಗೆ ಡಬ್ಬಿ ಕಟ್ಟಿ ತಾನೂ ಕೆಲಸಕ್ಕೆ ಓಡುವ ಹೆಂಗಸಿಗೆ ‘ಪಾತ್ರೆ ತೊಳೆಯುವುದೂ ಧ್ಯಾನವೇ’ ಎಂದು ಸೋಫಾದಲ್ಲಿ ಕೂತು ಉಪದೇಶ ಮಾಡುವುದು ಧರ್ಮವಲ್ಲ, ಸೋಮಾರಿತನ. ಬುದ್ಧನ ಭಿಕ್ಷುಗಳು ತಮ್ಮ ಪಾತ್ರೆಯನ್ನು ತಾವೇ ತೊಳೆಯುತ್ತಿದ್ದರು. ಮನೆಯ ಗಂಡಸರು ಅಭ್ಯಾಸಕ್ಕೆ ಕೆಲಸವೊಂದನ್ನು ಹುಡುಕುತ್ತಿದ್ದರೆ, ರಾತ್ರಿಯ ಸಿಂಕ್ ಖಾಲಿ ಮಾಡುವುದು ಅತ್ಯುತ್ತಮ.

ಹೋಟೆಲಿನವರು ಕೇಳುತ್ತಾರೆ, ಗಲ್ಲಾದಲ್ಲಿ ಕೂತವನಿಗೆ ಇದೆಲ್ಲ ಸಾಧ್ಯವೇ ಎಂದು. ಎಪಿಎಂಸಿಯಿಂದ ತರಕಾರಿ ಬಂದಿಲ್ಲ, ಇಬ್ಬರು ಹುಡುಗರು ಊರಿಗೆ ಹೋದವರು ತಿರುಗಿ ಬಂದಿಲ್ಲ, ಪಾರ್ಸೆಲ್‌ನವರು ಬಾಗಿಲಲ್ಲಿ ಸಾಲುಗಟ್ಟಿದ್ದಾರೆ. ಅಂಥಲ್ಲಿ ಒಂದೇ ಕೆಲಸ: ಚಿಲ್ಲರೆ ಕೊಡುವಾಗ ಎದುರಿನವರ ಮುಖ ನೋಡಿ ಕೊಡುವುದು. ದಿನಕ್ಕೆ ಇನ್ನೂರು ಸಲ ಮಾಡುವ ಕೆಲಸ; ಇಪ್ಪತ್ತು ಸಲ ನೆನಪಾದರೂ ಲಾಭ. ಯುಪಿಐ ಬಂದ ಮೇಲೆ ಚಿಲ್ಲರೆ ಕಡಿಮೆಯಾಯಿತು ಎನ್ನಬೇಡಿ, ಮುಖಗಳು ಕಡಿಮೆಯಾಗಿಲ್ಲ. ಫೋನ್ ಬಂದರೆ ಎರಡು ರಿಂಗ್ ಆಗಲಿ, ಆ ಎರಡು ರಿಂಗಿನಲ್ಲಿ ಒಂದು ಉಸಿರು; ಮೂರನೆಯದಕ್ಕೆ ಎತ್ತಿ.

ವಾಟ್ಸ್‌ಆ್ಯಪ್ ಗುಂಪುಗಳಿಗೂ ಬುದ್ಧನ ಬಳಿ ಒಂದು ಜರಡಿ ಇದೆ. ಒಳ್ಳೆಯ ಮಾತಿಗೆ ಐದು ಲಕ್ಷಣ ಎಂದು ಅಂಗುತ್ತರ ನಿಕಾಯದಲ್ಲಿ ಬರುತ್ತದೆ. ಅದು ನಿಜವಿರಬೇಕು, ಹೊತ್ತಿಗೆ ತಕ್ಕದ್ದಿರಬೇಕು, ಒರಟಾಗಿರಬಾರದು, ಯಾರಿಗಾದರೂ ಉಪಯೋಗಕ್ಕೆ ಬರಬೇಕು, ಹಗೆಯಿಂದ ಹುಟ್ಟಿರಬಾರದು. ಫಾರ್ವರ್ಡ್ ಒತ್ತುವ ಮೊದಲು ಮೊದಲನೆಯದನ್ನಷ್ಟೇ ಕೇಳಿಕೊಂಡರೂ ನಮ್ಮ ಜಾತಿಸಂಘ, ಊರಿನ ದೇವಸ್ಥಾನದ ಗುಂಪುಗಳ ಅರ್ಧ ಮೆಸೇಜುಗಳು ಹುಟ್ಟುವುದೇ ಇಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಮೂರು ತುತ್ತು ಟಿವಿ ಇಲ್ಲದೆ, ಅಗಿದು ತಿನ್ನಿ.

ಎರಡನೆಯ ಬಾಣ

ಇಷ್ಟರಲ್ಲೇ ನಿಂತರೆ ಇದು ಒಂದು ಬಗೆಯ ಆರಾಮವಷ್ಟೇ. ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಾಟ್-ಝಿನ್ 1979ರಲ್ಲಿ ಈ ಅಭ್ಯಾಸವನ್ನು ಧರ್ಮದ ಹೆಸರಿಲ್ಲದೆ ರೋಗಿಗಳಿಗೆ ಕೆಲವು ವಾರಗಳ ಪಾಠವಾಗಿ ಕೊಟ್ಟರು. ಒತ್ತಡ ತಗ್ಗಿಸುವ ಉಪಾಯವಾಗಿ ಅಲ್ಲಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಅದರಿಂದ ಉಪಕಾರವಾದವರು ಅನೇಕರು. ಆದರೆ ಬುದ್ಧನಿಗೆ ಬೇಕಾಗಿದ್ದುದು ಸಿಟ್ಟು ಹುಟ್ಟುವ ಜಾಗವನ್ನೇ ಕಾಣುವುದು.

ಸಂಯುತ್ತ ನಿಕಾಯದಲ್ಲಿ ಎರಡು ಬಾಣಗಳ ದೃಷ್ಟಾಂತವಿದೆ. ಬಾಣ ತಾಗಿದರೆ ಎಲ್ಲರಿಗೂ ನೋವಾಗುತ್ತದೆ. ತಿಳಿಯದವನು ಗೋಳಾಡಿ ಎರಡನೆಯ ಬಾಣವನ್ನು ತಾನೇ ಹೊಡೆದುಕೊಳ್ಳುತ್ತಾನೆ. ತಿಳಿದವನಿಗೆ ತಾಗುವುದು ಮೊದಲನೆಯದು ಮಾತ್ರ.

ಇದನ್ನು ನಮ್ಮ ಬಿಲ್ಡಿಂಗಿಗೆ ತನ್ನಿ. ರಾತ್ರಿ ಹತ್ತಕ್ಕೆ ದಣಿದು ಬಂದಿದ್ದೀರಿ, ನಿಮ್ಮ ಪಾರ್ಕಿಂಗ್ ಜಾಗದಲ್ಲಿ ಬೇರೆಯವರ ಗಾಡಿ. ಇದು ಮೊದಲ ಬಾಣ, ನಿಜವಾದದ್ದು. ಮರುಕ್ಷಣ ಒಳಗೆ ಶುರುವಾಗುತ್ತದೆ: ‘ಇವನದು ಯಾವಾಗಲೂ ಇದೇ. ನಮ್ಮನ್ನು ಮದ್ರಾಸಿಗಳೆಂದು ಲೆಕ್ಕಕ್ಕೇ ಇಟ್ಟಿಲ್ಲ. ಕಮಿಟಿಯೂ ಅವನ ಕಡೆಯೇ. ಮೂವತ್ತು ವರ್ಷದಿಂದ ಇಲ್ಲಿದ್ದೇವೆ...’ ಲಿಫ್ಟ್ ಹತ್ತುವಷ್ಟರಲ್ಲಿ ಗಾಡಿಯ ಮಾತು ಮರೆತು ಭಾಷೆ, ಊರು, ಅಪ್ಪನ ಕಾಲದ ಅವಮಾನ ಎಲ್ಲ ಬಂದಿರುತ್ತದೆ. ಬಾಗಿಲು ತೆರೆದ ಹೆಂಡತಿಯ ಮೇಲೆ ಹರಿಹಾಯುವಾಗ ಆಕೆಗೆ ಪಾರ್ಕಿಂಗಿನ ಕತೆಯೇ ಗೊತ್ತಿರುವುದಿಲ್ಲ.

ಅಭ್ಯಾಸ ಹೀಗೆ. ಗಾಡಿ ಕಂಡ ಕೂಡಲೇ ಮೈಯಲ್ಲಿ ಏನಾಯಿತು ನೋಡಿ. ದವಡೆ ಕಚ್ಚಿಕೊಂಡಿತೇ? ಎದೆ ಬಿಸಿಯಾಯಿತೇ? ಉಸಿರು ಗಿಡ್ಡವಾಯಿತೇ? ಅದು ಅಹಿತ ವೇದನೆ. ಅದಕ್ಕೆ ಬೆನ್ನು ಹಾಕಿ ಓಡದೆ ಐದಾರು ಉಸಿರಿನಷ್ಟು ಹೊತ್ತು ಅದರ ಜೊತೆ ನಿಂತರೆ, ಅದು ಏರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಇಳಿಯುತ್ತದೆ. ಇಳಿಯುವುದನ್ನು ನೀವೇ ಕಾಣಬೇಕು. ಬೇರೆಯವರು ಹೇಳಿದರೆ ಪ್ರಯೋಜನವಿಲ್ಲ. ಎಲ್ಲವೂ ಅನಿತ್ಯ ಎಂದು ಬುದ್ಧ ಹೇಳಿದ್ದನ್ನು ಪ್ರವಚನದಲ್ಲಿ ತಲೆದೂಗಿ ಕೇಳುವುದು ಸುಲಭ. ತನ್ನದೇ ಸಿಟ್ಟಿನಲ್ಲಿ ಕಾಣುವುದು ಕಷ್ಟ, ಆದರೆ ಫಲ ಅದರಲ್ಲೇ.

ಸಹಿಸಿಕೊಂಡು ಸುಮ್ಮನಿರಿ ಎಂಬುದು ಇದರ ತಾತ್ಪರ್ಯವಲ್ಲ. ವಾಚ್‌ಮನ್‌ನನ್ನು ಕರೆಯಿರಿ, ಗಾಡಿಯವರಿಗೆ ಫೋನ್ ಮಾಡಿಸಿ, ಮರುದಿನ ಸೊಸೈಟಿಗೆ ಲಿಖಿತ ದೂರು ಕೊಡಿ. ಶಾಂತವಾಗಿ ಬರೆದ ದೂರಿಗೆ ಕಮಿಟಿಯಲ್ಲಿ ತೂಕ ಹೆಚ್ಚು ಎನ್ನುವುದು ಯಾವ ಸುತ್ತದಲ್ಲೂ ಇಲ್ಲದ, ಆದರೆ ಎಲ್ಲ ಸೊಸೈಟಿಗಳಿಗೂ ಗೊತ್ತಿರುವ ಸಂಗತಿ.

ಹಿತದ ಕಡೆಗೂ ಇದೇ ನೋಟ ಬೇಕು. ಮೂರನೆಯ ಪ್ಲೇಟ್ ಗೋಳಿಬಜೆಗೆ ಕೈ ಹಾಕುವ ಮೊದಲು ಬಾಯಲ್ಲಿ, ಹೊಟ್ಟೆಯಲ್ಲಿ ಏನಾಗುತ್ತಿದೆ? ಹಸಿವೇ, ರುಚಿಯ ನೆನಪೇ? ತಿನ್ನಬೇಡಿ ಎಂದು ಹೇಳುತ್ತಿಲ್ಲ. ಗೊತ್ತಿದ್ದು ತಿನ್ನಿ.

ಗಮನವೊಂದೇ ಸಾಲದು ಎಂಬ ಮಾತನ್ನೂ ಇಲ್ಲೇ ಹೇಳಬೇಕು. ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಸ್ಮೃತಿ ಏಳನೆಯದು. ಅದಕ್ಕೆ ಮೊದಲು ಒಳ್ಳೆಯ ಮಾತು, ಒಳ್ಳೆಯ ನಡತೆ, ಒಳ್ಳೆಯ ಜೀವನೋಪಾಯಗಳು ಬಂದಿವೆ. ಕೊಲ್ಲದಿರುವುದು, ಕದಿಯದಿರುವುದು, ವ್ಯಭಿಚಾರ ಮಾಡದಿರುವುದು, ಸುಳ್ಳಾಡದಿರುವುದು, ಅಮಲು ಸೇವಿಸದಿರುವುದು, ಈ ಪಂಚಶೀಲ ಬಿಟ್ಟು ಬರೀ ಗಮನ ಬೆಳೆಸಿದರೆ ಅದು ಜೇಬುಗಳ್ಳನ ಏಕಾಗ್ರತೆಯೇ. ತೂಕದಲ್ಲಿ ಮೋಸ ಮಾಡುತ್ತ ಬೆಳಿಗ್ಗೆ ಹತ್ತು ನಿಮಿಷ ಉಸಿರು ನೋಡುವವನಿಗೆ ರಾತ್ರಿ ನಿದ್ದೆ ಬರಬಹುದು, ಬುದ್ಧನ ದಾರಿ ಸಿಗದು.

ನಮ್ಮ ದೇವರು, ಪಕ್ಕದ ಮನೆಯ ವಿಹಾರ

ಮನೆದೇವರು, ಭೂತಾರಾಧನೆ, ಶನಿವಾರದ ಭಜನೆ ಇಟ್ಟುಕೊಂಡವರು ಇದನ್ನು ಮಾಡಬಹುದೇ? ಮಾಡಬಹುದು, ಯಾರೂ ಯಾವುದನ್ನೂ ಬಿಡಬೇಕಿಲ್ಲ. ಒಂದು ಸೂಚನೆ ಮಾತ್ರ: ಉಸಿರು ಗಮನಿಸುವ ಹತ್ತು ನಿಮಿಷದಲ್ಲಿ ಜಪ, ಮಂತ್ರ, ದೇವರ ರೂಪ ಬೆರೆಸಬೇಡಿ. ಜಪಕ್ಕೆ ಜಪದ ಹೊತ್ತು, ಇದಕ್ಕೆ ಇದರದು. ವಿಪಸ್ಸನಾ ಶಿಬಿರದಲ್ಲಿಯೂ ಆ ಹತ್ತು ದಿನಗಳ ಮಟ್ಟಿಗೆ ಪೂಜೆ ಜಪಗಳನ್ನು ಬದಿಗಿಡಿ ಎಂದೇ ಕೇಳಿಕೊಳ್ಳುತ್ತಾರೆ.

ಇನ್ನೊಂದು ಮಾತು ನಮ್ಮವರಿಗೆ ಸ್ವಲ್ಪ ಕಹಿಯಾಗಬಹುದು. ಮೈಂಡ್‌ಫುಲ್‌ನೆಸ್ ಎಂದರೆ ಅಮೆರಿಕದಿಂದ ಬಂದ ಆ್ಯಪ್ ಎಂದು ತಿಂಗಳಿಗೆ ದುಡ್ಡು ಕಟ್ಟುವ ನಾವು, ನಮ್ಮದೇ ನೋಡ್‌ನಲ್ಲಿರುವ ಬುದ್ಧ ವಿಹಾರದ ಮೆಟ್ಟಿಲು ಹತ್ತಿರುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದರು. ಅವರ ‘ಬುದ್ಧ ಮತ್ತು ಆತನ ಧಮ್ಮ’ ಮರುವರ್ಷ, ಅವರು ತೀರಿಕೊಂಡ ಮೇಲೆ, ಪ್ರಕಟವಾಯಿತು. ಆ ಪರಂಪರೆಯ ಕುಟುಂಬಗಳು ನವಿಮುಂಬಯಿಯಲ್ಲಿ ಬಹಳ. ಅವರಿಗೆ ಬುದ್ಧ ಎಂದರೆ ಒತ್ತಡಕ್ಕೆ ಮದ್ದಲ್ಲ. ಮನುಷ್ಯನಾಗಿ ತಲೆಯೆತ್ತಿ ನಿಂತ ಘನತೆ. ಬುದ್ಧ ಪೂರ್ಣಿಮೆಯ ದಿನ ಪರಿಚಯದವರೊಡನೆ ಹೋಗಿ, ಚಪ್ಪಲಿ ಬಿಟ್ಟು ಹಿಂದೆ ಕೂತು, ತ್ರಿಶರಣ ಪಂಚಶೀಲ ಹೇಳುವುದನ್ನು ಕೇಳಿ. ಸ್ವಾಗತಿಸುತ್ತಾರೆ.

ಯಾವಾಗ ನಿಲ್ಲಿಸಬೇಕು

ಕಣ್ಣು ಮುಚ್ಚಿದರೆ ಗಾಬರಿ ಹೆಚ್ಚುತ್ತದೆ, ಹಳೆಯ ದುಃಖ ನುಗ್ಗಿ ಬರುತ್ತದೆ ಎನ್ನುವವರಿದ್ದಾರೆ. ಅವರು ಹಟ ಹಿಡಿಯಬಾರದು. ಕಣ್ಣು ತೆರೆಯಿರಿ, ಎದ್ದು ನಡೆಯಿರಿ. ಪಾಮ್ ಬೀಚ್ ರಸ್ತೆಯ ಬದಿಯಲ್ಲೋ ಸೆಕ್ಟರಿನ ಉದ್ಯಾನದಲ್ಲೋ ಪಾದ ಎತ್ತಿದ್ದು, ಸರಿದದ್ದು, ಊರಿದ್ದು ತಿಳಿಯುತ್ತ ನಿಧಾನ ನಡೆಯುವುದೂ ಪೂರ್ಣ ಪ್ರಮಾಣದ ಅಭ್ಯಾಸವೇ. ಖಿನ್ನತೆಗೋ ಬೇರೆ ಮಾನಸಿಕ ಕಾಯಿಲೆಗೋ ಔಷಧಿ ತೆಗೆದುಕೊಳ್ಳುತ್ತಿರುವವರು ಧ್ಯಾನದ ಭರವಸೆಯಲ್ಲಿ ಗುಳಿಗೆ ನಿಲ್ಲಿಸಬಾರದು; ವೈದ್ಯರನ್ನು ಕೇಳಿಯೇ ಮುಂದಿನ ಹೆಜ್ಜೆ. ಮನಸ್ಸು ತೀರ ಕುಸಿದಾಗ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಉಚಿತ. ಎದೆನೋವನ್ನು ‘ವೇದನೆ’ ಎಂದು ಗಮನಿಸುತ್ತ ಕೂರುವುದಂತೂ ಮೂರ್ಖತನ, ಮೊದಲು ಆಸ್ಪತ್ರೆ.

ಹತ್ತು ದಿನ ಕೂರಬೇಕೆನಿಸಿದರೆ

ಕೆಲವು ತಿಂಗಳು ಮನೆಯಲ್ಲಿ ಮಾಡಿದವರಿಗೆ ಸರಿಯಾಗಿ ಕಲಿಯಬೇಕು ಎನಿಸುವುದುಂಟು. ಸಾನಪಾಡಾದವರಿಗೆ ವಿಪಸ್ಸನಾ ಕೇಂದ್ರ ಹತ್ತಿರದಲ್ಲೇ ಇದೆ: ಬೇಲಾಪುರದ ಪಾರ್ಸಿಕ್ ಹಿಲ್‌ನ ಧಮ್ಮ ವಿಪುಲ. ಸೀವುಡ್ಸ್ ಸ್ಟೇಷನ್‌ನಲ್ಲಿ ಇಳಿದರೆ ಅಲ್ಲಿಂದ ದೂರವಿಲ್ಲ. ಕಲ್ಯಾಣ, ಡೊಂಬಿವಲಿಯವರಿಗೆ ಟಿಟ್ವಾಲಾದ ಧಮ್ಮ ವಾಹಿನಿ ಅನುಕೂಲ. ಕನ್ನಡದಲ್ಲೇ ಸೂಚನೆ ಕೇಳಬೇಕೆನ್ನುವ ಹಿರಿಯರು ಊರಿಗೆ ಹೋದಾಗ ಬೆಂಗಳೂರಿನ ತುಮಕೂರು ರಸ್ತೆ ಕಡೆಯ ಆಲೂರಿನ ಧಮ್ಮ ಪಫುಲ್ಲದಲ್ಲಿ ವಿಚಾರಿಸಬಹುದು.

ಮೊದಲ ಶಿಬಿರ ಹತ್ತು ದಿನದ್ದು. ಆದರೆ ಹಿಂದಿನ ದಿನ ಸಂಜೆಯೊಳಗೆ ಸೇರಿ ಹನ್ನೊಂದನೆಯ ದಿನ ಬೆಳಿಗ್ಗೆ ಹೊರಡಬೇಕಾದ್ದರಿಂದ ಕಚೇರಿಗೆ 12 ದಿನ ರಜೆ ಬರೆಯಿರಿ. ಮಹಾರಾಷ್ಟ್ರ ಸರ್ಕಾರಿ ನೌಕರರಿಗೆ ಈ ಶಿಬಿರಕ್ಕಾಗಿ ರಜೆ ಕೊಡುವ ಆದೇಶ ಹಿಂದೆಯೇ ಆಗಿದೆ. ನಿಮ್ಮ ಇಲಾಖೆಯಲ್ಲಿ ಕೇಳಿ ನೋಡಿ. ಬೆಳಗಿನ ಜಾವ 4ಕ್ಕೆ ಗಂಟೆ, ರಾತ್ರಿ 9ರ ತನಕ ದಿನಚರಿ. ಮಾತಿಲ್ಲ, ಫೋನಿಲ್ಲ, ಓದು ಬರಹವಿಲ್ಲ. ಹತ್ತನೆಯ ದಿನ ಮೌನ ಬಿಡಿಸುತ್ತಾರೆ. ಸಸ್ಯಾಹಾರದ ಊಟ 11 ಗಂಟೆಗೆ. ಸಂಜೆ ಹೊಸಬರಿಗೆ ಚಹಾ ಮತ್ತು ಹಣ್ಣು ಮಾತ್ರ. ಗಂಡಸರು ಹೆಂಗಸರು ಬೇರೆ ಬೇರೆ ಇರಬೇಕು, ದಂಪತಿಗಳಾದರೂ ಅಷ್ಟೇ. ಮೊದಲ ಮೂರು ದಿನ ಉಸಿರು ಮಾತ್ರ. ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳನ್ನು ಗಮನಿಸುವ ವಿಪಸ್ಸನಾ. ಎರಡನೆಯ ದಿನವೋ ಆರನೆಯ ದಿನವೋ ಓಡಿಹೋಗಬೇಕು ಎನಿಸಿದರೆ ಆಶ್ಚರ್ಯಪಡಬೇಡಿ, ಅನೇಕರಿಗೆ ಹಾಗಾಗುತ್ತದೆ.

ಊಟ, ವಸತಿ, ಪಾಠ ಯಾವುದಕ್ಕೂ ಶುಲ್ಕವಿಲ್ಲ. ಮುಂಗಡ ಹಣ ಕೇಳುವವರು ಸಿಕ್ಕರೆ ಅದು ಈ ಪರಂಪರೆಯ ಶಿಬಿರವಲ್ಲ ಎಂದು ತಿಳಿಯಿರಿ. ಶಿಬಿರ ಪೂರ್ಣಗೊಳಿಸಿದವರು ಮಾತ್ರ, ಮನಸ್ಸಿದ್ದರೆ, ದಾನ ಕೊಡಬಹುದು. ಮಕ್ಕಳಿಗೆ ಎಂಟು ವರ್ಷದಿಂದ ಆನಾಪಾನದ ಕಿರು ಶಿಬಿರಗಳಿವೆ, ಮಹಾರಾಷ್ಟ್ರದ ಹಲವು ಶಾಲೆಗಳಲ್ಲಿ ‘ಮಿತ್ರ ಉಪಕ್ರಮ’ದ ಹೆಸರಿನಲ್ಲೂ ಕಲಿಸುತ್ತಾರೆ. ಪೂರ್ತಿ ಶಿಬಿರಕ್ಕೆ ಮೊದಲು ಒಮ್ಮೆ ನೋಡಿಬರೋಣ ಎನ್ನುವವರು ಗೋರಾಯಿ ಪಗೋಡಕ್ಕೆ ಹೋಗಿಬರಲಿ.

ಅರ್ಜಿ ಹಾಕುವುದು ಧಮ್ಮ ಡಾಟ್ ಆರ್ಗ್ ಜಾಲತಾಣದಲ್ಲಿ. ರಜಾ ಕಾಲದ ಶಿಬಿರಗಳು ಬೇಗ ತುಂಬುತ್ತವೆ, ತಿಂಗಳುಗಳ ಮೊದಲೇ ಹಾಕಿ. ಕಾಯಿಲೆ, ಔಷಧಿಗಳ ವಿವರವನ್ನು ಮುಚ್ಚಿಡದೆ ಬರೆಯಿರಿ. ಜಾಗ ಸಿಕ್ಕಮೇಲೆ ಹೋಗಲಾಗದಿದ್ದರೆ ದಯವಿಟ್ಟು ಮುಂಚೆಯೇ ರದ್ದು ಮಾಡಿ. ಕಾಯುವ ಪಟ್ಟಿಯಲ್ಲಿ ಇನ್ನೊಬ್ಬರು ರಜೆ ಹೊಂದಿಸಿಕೊಂಡು ಕೂತಿರುತ್ತಾರೆ.